ಕಾಲುದಾರಿಯ ಮೇಲೆ ಯಾರ ಹಕ್ಕು?

ನಂಜನಗೂಡು ತಾಲ್ಲೂಕಿನ ತಗಡೂರು ಬಯಲಿನ ಊರು. ಬೆಟ್ಟ ಸೀಮೆಯ ನಮ್ಮ ಈ ಪುಟ್ಟ ಪತ್ರಿಕೆಗೆ ಆ ಕಡೆಯಿಂದ ಪತ್ರ ಬರುವುದು ಅಪರೂಪ. ಈ ಸಲ ಬಂದಿದೆ. ಬರೆದವರು ಅಲ್ಲಿನ ಕೆಲವು ತರುಣರು. ರಜೆಯ ದಿನ ನಸುಕಿನಲ್ಲೇ ಸೈಕಲ್ ಏರಿ, ನಂಜನಗೂಡು ದಾಟಿ, ಚಾಮುಂಡಿಬೆಟ್ಟದವರೆಗೆ ಹೋಗಿಬರುವವರು. ಅವರಲ್ಲಿ ಇಬ್ಬರು ಮೂವರು ದೂರದೋಟದ ಅಭ್ಯಾಸಿಗಳು. ಡಾಂಬರು ರಸ್ತೆಯಲ್ಲಿ ಲಾರಿಗಳ ಭಯ, ಹೊಗೆಯ ಕಾಟ. ಆದುದರಿಂದ ಕುರುಚಲು ಕಾಡಿನ ಅಂಚಿನಲ್ಲಿ ನಡೆಯುವವರಿಗೂ ಓಡುವವರಿಗೂ ಬೆಟ್ಟದ ಸೈಕಲ್ ತುಳಿಯುವವರಿಗೂ ಒದಗುವ ಒಂದೇ ಮಣ್ಣಿನ ದಾರಿಯನ್ನು ಅರಣ್ಯ ಇಲಾಖೆ ಗುರುತಿಸಿಕೊಡಬೇಕು, ಈ ಬೇಡಿಕೆಯನ್ನು ನಮ್ಮ ಬಳಗವೂ ಬೆಂಬಲಿಸಬೇಕು ಎಂಬುದು ಅವರ ಕೋರಿಕೆ.

ಪತ್ರವನ್ನು ಬಳಗದ ಸಭೆಯಲ್ಲಿ ಓದಿದಾಗ ಮೊದಲು ಬಂದ ಉತ್ತರ 'ಬೇಡ' ಎಂಬುದೇ. ರೆಸಾರ್ಟು, ಸಫಾರಿ, ರೋಪ್‌ವೇ ಎಂದು ಒಂದೊಂದಕ್ಕೂ ಬೇಡವೆನ್ನುತ್ತ ಬಂದ ನಮಗೆ ಆ ಶಬ್ದ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಕಾಡಿಗೆ ಬರಬೇಕೆನ್ನುವ, ಅದೂ ಎಂಜಿನ್ನಿಲ್ಲದೆ ಬರಬೇಕೆನ್ನುವ ತರುಣರಿಗೆ ಬಾಗಿಲು ಮುಚ್ಚಿ, ನಾಳೆ ಅದೇ ಕಾಡನ್ನು ಉಳಿಸಲು ಅವರನ್ನೇ ಕರೆಯುವುದು ನ್ಯಾಯವೇ ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಸಂಪಾದಕೀಯ.

ತಗಡೂರೆಂದರೆ ಖಾದಿಗೂ ಅಸ್ಪೃಶ್ಯತಾ ನಿವಾರಣೆಯ ಕೆಲಸಕ್ಕೂ ಬದುಕನ್ನು ಸವೆಸಿದ ತಗಡೂರು ರಾಮಚಂದ್ರರಾಯರ ಊರು. ಅದೇ ತಾಲ್ಲೂಕಿನ ಬದನವಾಳಿಗೆ 1927ರಲ್ಲಿ ಗಾಂಧೀಜಿ ಬಂದಿದ್ದರು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆದದ್ದೂ ಅಲ್ಲಿಯೇ. ನಡಿಗೆಯನ್ನು ವ್ಯಾಯಾಮಕ್ಕಿಂತ ದೊಡ್ಡದೆಂದು ಬಗೆದ ನೆಲವದು. ಸೈಕಲ್ಲೂ ಆ ನೆಲಕ್ಕೆ ಪರಕೀಯವಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸೌದೆಯ ಕಟ್ಟುಗಳನ್ನು ಹೊತ್ತು ದಶಕಗಳ ಕಾಲ ದುಡಿದ ಸೈಕಲ್, ಮೊಪೆಡ್ಡು ಬಂದಮೇಲೆ ಗೋಡೆಗೊರಗಿ ತುಕ್ಕು ಹಿಡಿಯಿತು. ಈಗ ದಪ್ಪ ಟೈರು, ಹತ್ತಾರು ಗೇರು, ಹತ್ತಾರು ಸಾವಿರ ರೂಪಾಯಿ ಬೆಲೆಯೊಂದಿಗೆ ಕ್ರೀಡೆಯ ಸಾಧನವಾಗಿ ಮರಳಿ ಬಂದಿದೆ. ಅದು ಹಿಂದೆ ಹೋಗುತ್ತಿದ್ದ ದಾರಿಗಳಲ್ಲೇ ಮತ್ತೆ ಹೋಗಬಯಸುತ್ತಿರುವುದು ಸೋಜಿಗ.

ಈ ಕ್ರೀಡೆಯ ಹುಟ್ಟೂರಿನಲ್ಲೂ ಇದೇ ಜಗಳ ನಡೆದಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟದಲ್ಲಿ ತರುಣರ ಗುಂಪೊಂದು ಹಳೆಯ ಸೈಕಲ್ಲುಗಳನ್ನು ಮಣ್ಣಿನ ದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟಿದ್ದು 1976ರಲ್ಲಿ. ಮುಂದಿನ ದಶಕದಲ್ಲಿ ಅಲ್ಲಿನ ನಡಿಗೆಯವರಿಗೂ ಸವಾರರಿಗೂ ವಿರಸ ಬೆಳೆದು, ಹಲವು ಕಾಲುದಾರಿಗಳು ಸೈಕಲ್ಲಿಗೆ ಮುಚ್ಚಿದವು. ಜವಾಬ್ದಾರಿಯ ಸವಾರಿಯನ್ನು ಕಲಿಸಲು, ದಾರಿಗಳನ್ನು ದುರಸ್ತಿ ಮಾಡಲು ಸವಾರರೇ 1988ರಲ್ಲಿ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಬಗೆ. ಅಲ್ಲಿನ 2003ರ ಭೂಸುಧಾರಣಾ ಕಾಯ್ದೆ, ಹೊಣೆಯರಿತು ನಡೆದುಕೊಳ್ಳುವ ಷರತ್ತಿನ ಮೇಲೆ, ನಡೆಯುವವನಿಗೂ ಸೈಕಲ್ಲಿನವನಿಗೂ ಕುದುರೆ ಸವಾರನಿಗೂ ಬಹುಪಾಲು ನೆಲದ ಮೇಲೆ ಸಂಚರಿಸುವ ಹಕ್ಕನ್ನೇ ಕೊಟ್ಟಿದೆ. ನಮ್ಮಲ್ಲಿ ಅಂಥ ಹಕ್ಕು ಯಾರಿಗೂ ಇಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಯ್ದಿಟ್ಟ ಅರಣ್ಯವನ್ನು ಹೊಕ್ಕವನು ಅತಿಕ್ರಮಿಯೇ.

ಈಗ ನೆಲದ ಮಾತು. ಸೈಕಲ್ ಚಕ್ರ ಮಣ್ಣನ್ನು ಕಿತ್ತು ಹಾಳುಗೆಡವುತ್ತದೆ ಎಂದು ನಮ್ಮಲ್ಲೇ ಹಲವರು ನಂಬಿದ್ದಾರೆ. ಅಮೆರಿಕದ ಮಾಂಟಾನಾದ ಬೆಟ್ಟದ ದಾರಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟವಾದ ಪ್ರಯೋಗವೊಂದು, ಗೊರಸು ಮತ್ತು ಪಾದಗಳು ಚಕ್ರಗಳಿಗಿಂತ ಹೆಚ್ಚು ಮಣ್ಣು ಸಡಿಲಿಸುತ್ತವೆಂದು ಕಂಡಿತು. ಆದುದರಿಂದ ಸವಾರನೊಬ್ಬನನ್ನೇ ಅಪರಾಧಿಯೆನ್ನುವಂತಿಲ್ಲ. ಆದರೆ ಚಕ್ರದ ಗುಣ ಬೇರೆ. ಹೆಜ್ಜೆ ಬಿಡಿಬಿಡಿಯಾಗಿ ಬೀಳುತ್ತದೆ. ಚಕ್ರ ಕಡಿಯದ ಗೆರೆ ಎಳೆಯುತ್ತದೆ. ನೆಲ ಒದ್ದೆಯಿದ್ದಾಗ ಆ ಗೆರೆಯೇ ಕಾಲುವೆ. ಇಳಿಜಾರಿನಲ್ಲಿ ಬ್ರೇಕು ಹಿಡಿದು ಜಾರಿಸಿದರಂತೂ ಮುಂದಿನ ಮಳೆಯ ನೀರು ಅದೇ ಗೆರೆ ಹಿಡಿದು ಓಡಿ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಜನ ಪಕ್ಕಕ್ಕೆ ಸರಿದು ತುಳಿಯುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಒಂದು ಮೊಳದ ದಾರಿ ಎರಡು ಮಾರಿನಷ್ಟಾಗಿರುತ್ತದೆ.

ಇದಕ್ಕೆ ಪರಿಹಾರ ವಿದೇಶದಿಂದ ಬರಬೇಕಿಲ್ಲ, ಒಣ ಬೇಸಾಯದ ರೈತನನ್ನು ಕೇಳಿದರೆ ಸಾಕು. ಇಳಿಜಾರಿನ ಹೊಲವನ್ನು ಮೇಲಿಂದ ಕೆಳಕ್ಕೆ ಉತ್ತರೆ ಮಣ್ಣು ಹೋಗುತ್ತದೆಂದು ಆತನಿಗೆ ಗೊತ್ತು. ಅಡ್ಡಲಾಗಿ ಉಳುತ್ತಾನೆ, ಅಡ್ಡಲಾಗಿ ಬದು ಹಾಕುತ್ತಾನೆ. ಕಾಡುದಾರಿಯನ್ನೂ ಹಾಗೆಯೇ ಗುಡ್ಡದ ಮೈಗೆ ಅಡ್ಡಲಾಗಿ ಸುತ್ತಿಸಬೇಕು. ದಾರಿಯ ಏರು ಆ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದೆಂಬುದು ದಾರಿ ಕಟ್ಟುವವರ ಲೆಕ್ಕ. ಹೊರ ಅಂಚು ತುಸು ತಗ್ಗಿರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ಹಾಯ್ದು ಹೋಗುತ್ತದೆ. ಸಿಮೆಂಟು ಬೇಡ, ಇಂಟರ್‌ಲಾಕ್ ಕಲ್ಲು ಬೇಡ, ಜೆಸಿಬಿಯಂತೂ ಬೇಡವೇ ಬೇಡ. ಹಾರೆ, ಗುದ್ದಲಿ, ಹತ್ತಿರದ ಕಲ್ಲು ಸಾಕು. ನೀರಿನ ಹಾದಿಯನ್ನು ಅಲಕ್ಷಿಸಿದರೆ ಡಾಂಬರು ರಸ್ತೆಯೂ ಉಳಿಯುವುದಿಲ್ಲ. 2021ರ ಅಕ್ಟೋಬರ್ ಮಳೆಯಲ್ಲಿ ಚಾಮುಂಡಿಬೆಟ್ಟದ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿದದ್ದನ್ನು ಆ ತರುಣರು ಕಣ್ಣಾರೆ ಕಂಡಿರಬಹುದು.

ಪಂಚಾಂಗವನ್ನೂ ನೋಡಬೇಕು. ಮೈಸೂರು ಸೀಮೆಯಲ್ಲಿ ಮೇ ತಿಂಗಳಲ್ಲೇ ಗುಡುಗು ಮಳೆ ಜೋರು, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಜೋರು. ಆಗ ಚಕ್ರಕ್ಕೆ ರಜೆ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಬೆಂಕಿಯ ಕಾಲ. ಚಾಮುಂಡಿಬೆಟ್ಟದ ಇಳಿಜಾರಿಗೆ 2025ರ ಫೆಬ್ರವರಿಯಲ್ಲೂ ಬೆಂಕಿ ಬಿದ್ದಿತ್ತು. ಟಿಟ್ಟಿಭ, ಗೌಜಲಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆಯಿಡುವ ದಿನಗಳೂ ಬೇಸಿಗೆಯಲ್ಲೇ ತೊಡಗುತ್ತವೆ. ಕಲ್ಲಿನ ಬಣ್ಣದ ಮೊಟ್ಟೆಯನ್ನು ವೇಗದ ಸವಾರ ಕಾಣಲಾರ. ಇವೆಲ್ಲವನ್ನೂ ಕಳೆದರೆ ನಿಶ್ಚಿಂತೆಯಿಂದ ಸೈಕಲ್ ತುಳಿಯಲು ಉಳಿಯುವುದು ನವೆಂಬರ್‌ನಿಂದ ಜನವರಿಯವರೆಗಿನ ಚಳಿಗಾಲ, ನಡುನಡುವೆ ಕೆಲವು ವಾರ. ವರ್ಷವಿಡೀ ತೆರೆದ ದಾರಿ ಬೇಕೆಂಬ ಆಸೆಯಿದ್ದರೆ ಆ ಮಿತ್ರರು ಅದನ್ನು ಈಗಲೇ ಬಿಡುವುದು ಒಳ್ಳೆಯದು.

ಚಿರತೆಯ ವಿಷಯವನ್ನು ಪತ್ರದಲ್ಲಿ ಎತ್ತಿಲ್ಲ. ನಾವು ಎತ್ತಲೇಬೇಕು. ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಮೂರು ತಿಂಗಳ ಅವಧಿಯಲ್ಲಿ ನಾಲ್ವರು ಚಿರತೆಯ ದಾಳಿಗೆ ಬಲಿಯಾದರು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರು, ವೃದ್ಧೆಯಿದ್ದರು, ಬಾಲಕನಿದ್ದ. ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ರಚನೆಯಾದದ್ದು ಆ ಸಾವುಗಳ ನಂತರ. ಅವು ಸಂಭವಿಸಿದ್ದು ದಟ್ಟಾರಣ್ಯದ ನಡುವೆಯಲ್ಲ, ಊರಿನ ಮಗ್ಗುಲಲ್ಲಿ. ಕಬ್ಬಿನ ಗದ್ದೆ, ಕುರುಚಲು ಗುಡ್ಡ, ಕಲ್ಲುಬಂಡೆಗಳ ಸಂದು ಎಲ್ಲವೂ ಇಂದು ಚಿರತೆಯ ಮನೆ. ನಾಯಿ, ಕುರಿಗಳನ್ನು ತಿಂದು ನಮ್ಮ ನಡುವೆಯೇ ಸದ್ದಿಲ್ಲದೆ ಬದುಕುವ ಪ್ರಾಣಿಯದು. ಹೆಚ್ಚಿನ ದಿನಗಳಲ್ಲಿ ಅದು ನಮ್ಮನ್ನು ಕಂಡರೂ ನಾವು ಅದನ್ನು ಕಾಣುವುದಿಲ್ಲ.

ಕಾಡಿನಲ್ಲಿ ಓಡುವುದಕ್ಕೂ ನಡೆಯುವುದಕ್ಕೂ ಇರುವ ಅಂತರ ಇಲ್ಲಿ ಮುಖ್ಯವಾಗುತ್ತದೆ. ನಡೆಯುವವರು ಮಾತಾಡುತ್ತಾರೆ, ಸುತ್ತ ನೋಡುತ್ತಾರೆ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಂಟಿಯಾಗಿ ಓಡುವವನಿಗೆ ಮಂಗದ ಎಚ್ಚರಿಕೆಯ ಕೂಗು ಕೇಳಿಸದು. ಸೈಕಲ್ ಸದ್ದು ಮಾಡದೆ ತಿರುವಿನಲ್ಲಿ ಒಮ್ಮೆಲೇ ಎದುರಾಗುತ್ತದೆ; ಕೆಟ್ಟು ನಿಂತಾಗ ಸವಾರ ಕುಳಿತು ಚೈನು ಸರಿಪಡಿಸುತ್ತಾನೆ. ಕುಳಿತ ಮನುಷ್ಯ, ಓಡುವ ಮನುಷ್ಯ ಇಬ್ಬರೂ ಬೇಟೆಗಾರ ಪ್ರಾಣಿಯ ಕಣ್ಣಿಗೆ ನಿಂತ ಮನುಷ್ಯನಂತೆ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದ ವೈಟಿಂಗ್ ರ‍್ಯಾಂಚ್ ಎಂಬ ವನದಲ್ಲಿ 2004ರ ಜನವರಿಯಲ್ಲಿ ಪ್ಯೂಮಾ ಒಬ್ಬ ಸೈಕಲ್ ಸವಾರನನ್ನು ಕೊಂದು, ಅದೇ ದಿನ ಮತ್ತೊಬ್ಬ ಸವಾರಳ ಮೇಲೆ ಎರಗಿತು. ಅಂಥದು ಅಪರೂಪ, ನಿಜ. ಆದರೆ ನಮ್ಮಲ್ಲಿ ಒಂದು ಸಾವು ಸಂಭವಿಸಿದರೆ ಮೊದಲು ಬೋನು ಬರುತ್ತದೆ, ಆಮೇಲೆ ಕಂಡಲ್ಲಿ ಗುಂಡಿಡುವ ಒತ್ತಾಯ ಬರುತ್ತದೆ. ನಮ್ಮ ಆಟದ ಅಜಾಗರೂಕತೆಗೆ ಚಿರತೆ ಬೆಲೆ ತೆರಬೇಕಾಗುತ್ತದೆ, ಸೌದೆಗೆ ಹೋಗುವ ಹೆಂಗಸರೂ ತೆರಬೇಕಾಗುತ್ತದೆ. ನಂಜನಗೂಡಿನ ಮೇಲೆ ಹಾದು ಬಂಡೀಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನೊಳಗೆ ವಾಹನ ಸಂಚಾರವಿಲ್ಲವೆಂಬ ನಿಯಮ 2009ರಿಂದ ಇದೆ. ಅಷ್ಟು ದೊಡ್ಡ ಹೆದ್ದಾರಿಯೇ ಕತ್ತಲೆಯನ್ನು ಪ್ರಾಣಿಗಳಿಗೆ ಬಿಟ್ಟಿರುವಾಗ, ಸೈಕಲ್ಲಿನ ತಲೆದೀಪ ಹೊತ್ತಿಸಿ ನಸುಕಿನಲ್ಲಿ ಕಾಡು ಹೊಗುವ ಹಟವೇಕೆ? ಬಿಸಿಲೇರಿದ ಮೇಲೆ ಹೊಕ್ಕು, ಸಂಜೆಗೆ ಬಹಳ ಮುನ್ನ ಹೊರಬರಬೇಕು.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ನ್ಯಾಯದ ಪ್ರಶ್ನೆ. ಪತ್ರ 'ಹೊಸ ದಾರಿ' ಎನ್ನುತ್ತದೆ. ಕುರುಚಲು ಕಾಡಿನಲ್ಲಿ ಹೊಸ ದಾರಿಯೆಂಬುದು ಬಹುಮಟ್ಟಿಗೆ ಸುಳ್ಳು. ಕುರಿ ಕಾಯುವವರು, ಸೌದೆ ಆಯುವವರು, ಹುಣಿಸೆ, ಸೀಗೆ, ಕಡ್ಡಿಪೊರಕೆಗೆ ಹೋಗುವವರು, ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟ ಹರಕೆಯವರು ತುಳಿದು ಮಾಡಿದ ದಾರಿಗಳು ಅಲ್ಲಿ ಮೊದಲೇ ಇರುತ್ತವೆ. ಸೌದೆಯ ಹೊರೆ ಹೊತ್ತ ಹೆಂಗಸನ್ನು ತಡೆದು ಕುಡುಗೋಲು ಕಿತ್ತುಕೊಳ್ಳುವ ವ್ಯವಸ್ಥೆಯೇ, ಶುಲ್ಕ ತೆತ್ತು ಹೆಲ್ಮೆಟ್ ತೊಟ್ಟು ಬಂದವನಿಗೆ ಅದೇ ದಾರಿಯಲ್ಲಿ ಸಲಾಮು ಹೊಡೆದರೆ, ಆ ದಾರಿಯನ್ನು ನಾವು ಬೆಂಬಲಿಸಲಾರೆವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯದ ಹಕ್ಕುಪತ್ರ ಪಡೆದರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಮನ್ನಣೆ ದೇಶದಲ್ಲೇ ಮೊದಲು. ಅದಕ್ಕಾಗಿ ಅವರು ಎಷ್ಟು ವರ್ಷ ಅಲೆಯಬೇಕಾಯಿತೆಂಬುದನ್ನು ನಮ್ಮ ಓದುಗರು ಬಲ್ಲರು. ಸೈಕಲ್ಲಿನ ಅರ್ಜಿಗೆ ಅಷ್ಟು ವರ್ಷ ಹಿಡಿಯದೆಂಬುದನ್ನೂ ಬಲ್ಲರು.

ಏಕೆಂದರೆ ಗಾಳಿ ಈಗ ಆ ಕಡೆಗೇ ಬೀಸುತ್ತಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ, ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸೋದ್ಯಮದ ಸೌಕರ್ಯಗಳನ್ನು 'ಅರಣ್ಯೇತರ ಉದ್ದೇಶ'ವೆಂಬ ವ್ಯಾಖ್ಯೆಯಿಂದ ಹೊರಗಿಟ್ಟಿತು. ನಮ್ಮ ರಾಜ್ಯದಲ್ಲಿ 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಮುತ್ತಿದ ಮೇಲೆ ಚಾರಣಕ್ಕೆ ತಡೆ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ'ವೆಂಬ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಬಂದಿತು. ದಿನಕ್ಕೆ ಇಷ್ಟೇ ಜನವೆಂಬ ಮಿತಿ ಸ್ವಾಗತಾರ್ಹವೇ. ಆದರೆ ಟಿಕೆಟ್ಟಿನ ಹಿಂದೆ ಕಮಾನು, ಕಮಾನಿನ ಹಿಂದೆ ಕ್ಯಾಂಟೀನು, ಅದರ ಹಿಂದೆ ವಾಹನ ನಿಲುಗಡೆ ಬರುವುದನ್ನು ನಾವು ಬೇರೆಡೆ ಕಂಡಿದ್ದೇವೆ.

ತರುಣರ ಪರವಾಗಿಯೂ ಒಂದು ಸಾಕ್ಷ್ಯವಿದೆ. ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡು ಆರುನೂರು ಎಕರೆಯ ಆಸುಪಾಸಿನದು. ಬೆಟ್ಟದ ಸೈಕಲ್ಲಿನವರು, ಓಟಗಾರರು, ಬಂಡೆ ಹತ್ತುವವರು, ಹಕ್ಕಿ ನೋಡುವವರು ಬಹುಕಾಲದಿಂದ ಹಂಚಿಕೊಂಡ ನೆಲ. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡಲು ಸಿದ್ಧತೆ ನಡೆದಾಗ ಬೀದಿಗಿಳಿದವರು ಇದೇ ಜನ. ನಮಗೆ ಉದ್ಯಾನ ಬೇಡ, ಕಾಡು ಕಾಡಾಗಿಯೇ ಇರಲಿ ಎಂದರು. ಸರ್ಕಾರ ಹಿಂದೆ ಸರಿಯಿತು. ಚಾಮುಂಡಿಬೆಟ್ಟದ ರೋಪ್‌ವೇ ಪ್ರಸ್ತಾಪಕ್ಕೂ ಮೈಸೂರಿನ ನಾಗರಿಕರು ಹಾಗೆಯೇ ಅಡ್ಡ ನಿಂತರು. 2022ರಲ್ಲಿ ಅದನ್ನು ಕೈಬಿಡುವುದಾಗಿ ಪ್ರಕಟವಾಯಿತು. ದಿನವೂ ಮೆಟ್ಟಿಲು ಹತ್ತುವವನಿಗೆ ಬೆಟ್ಟ ಸ್ವಂತದ್ದೆನಿಸುತ್ತದೆ. ಕಾಡನ್ನು ಚಿತ್ರದಲ್ಲಷ್ಟೇ ಕಂಡವರನ್ನು ನೆಚ್ಚಿ ಯಾವ ಚಳವಳಿಯೂ ನಡೆಯದು, ಇದನ್ನು ನಮ್ಮ 'ಬೇಡ'ದ ಮಿತ್ರರು ಯೋಚಿಸಬೇಕು.

ಆದುದರಿಂದ ನಾವು ಬೆಂಬಲಿಸುತ್ತೇವೆ, ಷರತ್ತುಗಳೊಡನೆ. ದಾರಿ ಈಗಾಗಲೇ ಬಳಕೆಯಲ್ಲಿರುವ ಕಾಲುದಾರಿಯೇ ಆಗಿರಬೇಕು, ಕಾಡಿನ ಅಂಚಿನಲ್ಲಿರಬೇಕು; ಒಂದು ಪೊದೆಯನ್ನೂ ಅದಕ್ಕಾಗಿ ಕಡಿಯಕೂಡದು. ಆ ದಾರಿ ಬಳಸುವ ಊರುಗಳ ಗ್ರಾಮಸಭೆ ಒಪ್ಪಬೇಕು. ಅಲ್ಲಿನವರ ಸಂಚಾರಕ್ಕೆ ಶುಲ್ಕವಾಗಲಿ ತಡೆಯಾಗಲಿ ಇರಕೂಡದು. ಎದುರಾದಾಗ ಸೈಕಲ್ಲಿನವನು ಇಳಿದು ದಾರಿ ಬಿಡಬೇಕು, ಓಡುವವನು ನಡೆಯುವವನಿಗೆ, ಇಬ್ಬರೂ ಹೊರೆ ಹೊತ್ತವರಿಗೂ ಕುರಿಮಂದೆಗೂ. ಪಂದ್ಯ, ಪ್ರಾಯೋಜಕರ ಬ್ಯಾನರು, ಧ್ವನಿವರ್ಧಕಗಳಿಗೆ ಎಡೆಯಿಲ್ಲ. ಮೋಟಾರು ಬೈಕು ಒಂದು ದಿನ ನುಗ್ಗಿದರೂ ದಾರಿ ಮುಚ್ಚಬೇಕು. ಅದರ ಕಾವಲು ಸವಾರರ ಹೊಣೆ. ಅಭಯಾರಣ್ಯದ ಒಳಗೆ ಇಂಥ ದಾರಿಯ ಮಾತೇ ಬೇಡ.

ತಗಡೂರಿನ ಮಿತ್ರರಿಗೆ ಇಷ್ಟನ್ನು ಬರೆದು ಕಳುಹಿಸಿದ್ದೇವೆ. ಇಲಾಖೆಗೆ ಅರ್ಜಿ ಬರೆಯುವ ಮುನ್ನ ಸೈಕಲ್ಲುಗಳನ್ನು ಮನೆಯಲ್ಲಿಟ್ಟು, ಆ ಭಾಗದ ಕುರಿ ಕಾಯುವ ಯಜಮಾನರೊಬ್ಬರ ಹಿಂದೆ ಒಂದು ಹಗಲು ಆ ದಾರಿಯಲ್ಲಿ ನಡೆದು ಬನ್ನಿ. ನೀರು ಎಲ್ಲಿ ಹರಿಯುತ್ತದೆ, ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ಚಿರತೆ ಎಲ್ಲಿ ಮಲಗುತ್ತದೆಂದು ಅವರನ್ನು ಕೇಳಿ ನಕ್ಷೆ ಬರೆದು ತನ್ನಿ ಎಂದೂ ಸೇರಿಸಿದ್ದೇವೆ. ನಕ್ಷೆ ಬಂದ ಮೇಲೆ, ಅರ್ಜಿಯ ಕೆಳಗೆ ನಮ್ಮ ಸಹಿಯೂ ಇರುತ್ತದೆ.