ನಿಂತ ಸ್ಥಳ, ತೆಗೆದ ದಿನ

ಮಳೆಗಾಲವು ಹಿಂದೆ ಸರಿದು ರಸ್ತೆಗಳು ಒಣಗಿದೊಡನೆಯೆ ನಮ್ಮ ಅನೇಕ ಗೃಹಸ್ಥರು ಮಕ್ಕಳುಮರಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಪ್ರವಾಸಕ್ಕೆ ಹೊರಡುವುದುಂಟು. ಒಂದು ವರ್ಷ ಹಂಪೆ, ಬಾದಾಮಿ, ಐಹೊಳೆಗಳಾದರೆ ಇನ್ನೊಂದು ವರ್ಷ ಗೋಕರ್ಣ, ಮರವಂತೆ, ಕಾಪುಗಳು. ಛಾಯಾಚಿತ್ರದ ಗೀಳು ಹಿಡಿದವರು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇದ್ದೇ ಇರುತ್ತಾರೆ. ಹಿಂದಿರುಗುವ ವೇಳೆಗೆ ನೂರಾರು ಚಿತ್ರಗಳು ಶೇಖರವಾಗಿರುತ್ತವೆ. ಒಂದು ವಾರ ಎಲ್ಲರೂ ನೋಡಿ ನಲಿಯುತ್ತಾರೆ. ಆಮೇಲೆ ಅವು ಎಲ್ಲಿರುವುವೆಂದು ಕೇಳುವವರೇ ಇಲ್ಲ. ಈ ಚಿತ್ರಗಳಿಂದ ವಾರದ ಸಂತೋಷಕ್ಕಿಂತ ಹೆಚ್ಚಿನ ಪ್ರಯೋಜನವೇನಾದರೂ ಉಂಟೆ ಎಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಉತ್ತರವನ್ನು ಬಹುದೂರ ಹುಡುಕಬೇಕಾದುದಿಲ್ಲ. ಹಂಪೆಯಲ್ಲಿಯೇ ಅದು ದೊರೆಯುತ್ತದೆ. ಮದರಾಸು ಸೈನ್ಯಕ್ಕೆ ಸೇರಿದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿಯು ೧೮೫೬ರಲ್ಲಿ ವಿಜಯನಗರದ ಪಾಳುಗಳ ನಡುವೆ ಸಂಚರಿಸಿ ದೊಡ್ಡ ಗಾತ್ರದ ಛಾಯಾಚಿತ್ರಗಳನ್ನು ತೆಗೆದನು. ಅಂದಿನ ಯಂತ್ರವು ಜೇಬಿನಲ್ಲಿ ಹಿಡಿಯುವಂತಹುದಲ್ಲ. ಫಿಲ್ಮೆಂಬುದು ಇನ್ನೂ ಹುಟ್ಟಿರಲಿಲ್ಲ. ತೆಳುವಾದ ಕಾಗದಕ್ಕೆ ಮೇಣವನ್ನು ಹೀರಿಸಿ, ಬೆಳ್ಳಿಯ ಲವಣವನ್ನು ಲೇಪಿಸಿ, ಅದರ ಮೇಲೆ ಬಿಂಬವನ್ನು ಹಿಡಿಯಬೇಕಾಗಿದ್ದಿತು. ಗಾಜಿನ ಫಲಕವಾದರೆ ಲೇಪನವು ಹಸಿಯಾಗಿರುವಾಗಲೇ ಕೆಲಸ ಮುಗಿಯಬೇಕು. ಮೇಣದ ಕಾಗದವನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಕೆಲವು ದಿನ ಇಟ್ಟುಕೊಳ್ಳಬಹುದಾದ್ದರಿಂದ ದಾರಿಹೋಕನಿಗೆ ಅದೇ ಅನುಕೂಲ. ಆದರೆ ಬೆಳಕು ಮೂಡಲು ಎಷ್ಟೋ ನಿಮಿಷಗಳು ಬೇಕು. ಆದುದರಿಂದ ನಡೆದಾಡುವವರು ಆ ಚಿತ್ರಗಳಲ್ಲಿ ಉಳಿಯಲಿಲ್ಲ. ಅಲುಗದ ಕಲ್ಲು ಮಾತ್ರ ಉಳಿಯಿತು.

ವಿಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಅರಿಯದವರು ನಮ್ಮಲ್ಲಿ ಇಲ್ಲ. ನೋಡದವರೂ ಐವತ್ತು ರೂಪಾಯಿಯ ಹೊಸ ನೋಟಿನ ಬೆನ್ನಿನ ಮೇಲೆ ಅದನ್ನು ಕಂಡಿರುತ್ತಾರೆ. ರಥವೆಂದರೆ ಅದರ ಈಗಿನ ಆಕಾರವೇ ನಮ್ಮ ಕಣ್ಣಿಗೆ ಕಟ್ಟುತ್ತದೆ; ಕಟ್ಟಿದವರೂ ಅದನ್ನು ಹೀಗೆಯೇ ಕಟ್ಟಿದರೆಂದು ನಂಬುತ್ತೇವೆ. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಎದ್ದುನಿಂತಿದೆ. ಅದು ಗರುಡನ ಗುಡಿಯಾಗಿದ್ದುದರಿಂದ, ಗುಡಿಗೆ ತಕ್ಕ ಶಿಖರವೂ ಇದ್ದಿತು. ಇಂದು ಆ ಶಿಖರವಿಲ್ಲ. ಚಿತ್ರವು ಇಲ್ಲದಿದ್ದರೆ ಅದರ ರೂಪವನ್ನು ನಮಗೆ ಕಣ್ಣಾರೆ ತೋರಿಸುವವರು ಯಾರು?

ಅದೇ ಹಂಪೆಯಲ್ಲಿ ೧೫೨೮ರಲ್ಲಿ ಕೃಷ್ಣದೇವರಾಯನು ಮಾಡಿಸಿದ ಬೃಹತ್ ನರಸಿಂಹನ ವಿಗ್ರಹವಿದೆ. ಈಗ ದೇವರ ಮೊಣಕಾಲುಗಳನ್ನು ಬಳಸಿ ಕಲ್ಲಿನ ಯೋಗಪಟ್ಟಿಯೊಂದು ಕಾಣುತ್ತದೆ. ಹಳೆಯ ಛಾಯಾಚಿತ್ರಗಳಲ್ಲಿ ಆ ಪಟ್ಟಿಯಿಲ್ಲ. ಮುರಿದುಹೋಗಿದ್ದ ಅದನ್ನು ೧೯೮೦ರ ದಶಕದ ಜೀರ್ಣೋದ್ಧಾರದಲ್ಲಿ ಹೊಸದಾಗಿ ಕೂಡಿಸಲಾಯಿತು. ಹೀಗೆ ಚಿತ್ರವು ಕಳೆದುಹೋದುದಕ್ಕೂ ಸಾಕ್ಷಿ, ಸೇರಿಕೊಂಡುದಕ್ಕೂ ಸಾಕ್ಷಿ.

ಗ್ರೀನ್‌ಲಾನ ಶ್ರಮಕ್ಕೆ ಪೂರ್ಣಫಲವು ದೊರೆತುದು ನೂರಿಪ್ಪತ್ತೇಳು ವರ್ಷಗಳ ತರುವಾಯ. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಹಂಪೆಗೆ ಬಂದು, ಆತನು ಯಂತ್ರವನ್ನು ನಿಲ್ಲಿಸಿದ್ದ ಸ್ಥಳಗಳನ್ನು ಒಂದೊಂದಾಗಿ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ಯಾವ ವ್ಯಾಖ್ಯಾನವೂ ಬೇಕಾಗುವುದಿಲ್ಲ. ಒಂದು ಚಿತ್ರವು ಸ್ಥಳವನ್ನು ತೋರಿಸುತ್ತದೆ. ಒಂದೇ ಸ್ಥಳದಿಂದ ತೆಗೆದ ಎರಡು ಚಿತ್ರಗಳು ಕಾಲವನ್ನು ತೋರಿಸುತ್ತವೆ.

ಕಲ್ಲಿನ ಕಟ್ಟಡವು ಬದಲಾಗಲು ಶತಮಾನ ಬೇಕು. ಕಡಲಿನ ದಂಡೆಗೆ ಒಂದು ಮಳೆಗಾಲ ಸಾಕು. ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ ಮರವಂತೆಯ ಬಳಿ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಪ್ರವಾಸಿಗಳೆಲ್ಲರೂ ಅಲ್ಲಿ ಇಳಿದು ಚಿತ್ರ ತೆಗೆಯುತ್ತಾರೆ. ಅಲೆಗಳನ್ನು ತಡೆಯಲು ದಂಡೆಗೆ ಸುರಿದಿರುವ ದೊಡ್ಡ ಬಂಡೆಗಳ ಕಡೆಗೆ ಯಂತ್ರವನ್ನು ತಿರುಗಿಸುವವರು ವಿರಳ. ಮದರಾಸಿನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರ ಪರಿಶೀಲನೆಯಂತೆ, ೧೯೯೦ರಿಂದ ೨೦೧೮ರವರೆಗೆ ನಮ್ಮ ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಪಾಲು ಕೊರೆತಕ್ಕೆ ಈಡಾಗಿದ್ದಿತು. ಕಾಲುಭಾಗಕ್ಕಿಂತ ತುಸು ಹೆಚ್ಚು ಕಡೆ ಮರಳು ಸೇರಿ ದಂಡೆಯು ಬೆಳೆದಿದ್ದಿತು. ಉಳ್ಳಾಲದ ಕಡೆಯಲ್ಲಿ ಮನೆಗಳೂ ತೆಂಗಿನ ಮರಗಳೂ ಕಡಲಿನ ಪಾಲಾದ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಅಂಗಳವೇ ನೀರಿಗೆ ಹೋದ ಸಂಸಾರಕ್ಕೆ ದಂಡೆಯು ಹಿಂದೆ ಎಲ್ಲಿಯವರೆಗೆ ಇದ್ದಿತೆಂಬುದು ವಿನೋದದ ಮಾತಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮುಂಗಾರಿನ ಕಡಿದಾದ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ಕಡಲೊಳಗೆ ದಿಬ್ಬವಾಗಿ ಒಟ್ಟುತ್ತವೆ. ಬೇಸಗೆಯ ಶಾಂತವಾದ ಅಲೆಗಳು ಅದರ ಬಹುಭಾಗವನ್ನು ಮರಳಿ ತಂದು ಹಾಕುತ್ತವೆ. ಫೆಬ್ರವರಿಯ ಚಿತ್ರವನ್ನೂ ಆಗಸ್ಟಿನ ಚಿತ್ರವನ್ನೂ ಹೋಲಿಸಿ ದಂಡೆಯೇ ಮುಳುಗಿತೆಂದು ಕೂಗಿದರೆ ಅದು ಸಾಕ್ಷ್ಯವಾಗದು. ಅಲ್ಲದೆ ದಿನಕ್ಕೆ ಎರಡು ಸಲ ಭರತ ಬರುತ್ತದೆ. ಅದರ ವೇಳೆಯು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರುತ್ತದೆ. ಆದುದರಿಂದ ಹೋಲಿಕೆಯು ನ್ಯಾಯವಾಗಬೇಕಾದರೆ ಅದೇ ಸ್ಥಳ, ಅದೇ ತಿಂಗಳು, ಭರತ ಇಳಿತಗಳ ಅದೇ ಸ್ಥಿತಿ ಇರಬೇಕು.

ಇದು ಪಂಡಿತರಿಗೆ ಮಾತ್ರ ಸಾಧ್ಯವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ೨೦೧೭ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ‘ಕೋಸ್ಟ್‌ಸ್ನ್ಯಾಪ್’ ಎಂಬ ಕಾರ್ಯವು ಆರಂಭವಾಯಿತು. ದಂಡೆಯನ್ನು ನೋಡುವ ಎತ್ತರದ ಸ್ಥಳದಲ್ಲಿ ಉಕ್ಕಿನ ತೊಟ್ಟಿಲೊಂದನ್ನು ನಿಲ್ಲಿಸಿದರು. ಹೋಗಿಬರುವವರು ತಮ್ಮ ಮೊಬೈಲನ್ನು ಅದರಲ್ಲಿಟ್ಟು ಚಿತ್ರ ತೆಗೆದು ಕಳುಹಿಸುತ್ತಾರೆ. ಸ್ಥಳವೂ ದಿಕ್ಕೂ ಒಂದೇ ಆದುದರಿಂದ, ತಿಳಿದವರು ಭರತದ ಲೆಕ್ಕವನ್ನು ಕಳೆದು ನೀರಿನ ಅಂಚು ಎಷ್ಟು ಸರಿಯಿತೆಂದು ಅಳೆಯುತ್ತಾರೆ. ಈ ಪದ್ಧತಿಯು ಈಗ ಅನೇಕ ದೇಶಗಳಿಗೆ ಹರಡಿದೆ.

ಉಕ್ಕಿನ ತೊಟ್ಟಿಲಿಲ್ಲದೆಯೂ ನಮ್ಮ ಗೃಹಸ್ಥರು ಇಷ್ಟನ್ನು ಮಾಡಬಹುದು. ಚಿತ್ರದ ಒಂದು ಅಂಚಿನಲ್ಲಿ ಅಲುಗದ ಗುರುತೊಂದು ಇರಲಿ. ಕಾಪುವಿನ ದೀಪಸ್ತಂಭವು ೧೯೦೧ರಿಂದ ಬಂಡೆಯ ಮೇಲೆ ನಿಂತಿದೆ. ಅದನ್ನು ಸೇರಿಸಿ ಮರಳಿನ ದಂಡೆಯನ್ನು ಹಿಡಿದರೆ ಮುಂದೆ ಹೋಲಿಸುವವನಿಗೆ ಆಧಾರ ಸಿಕ್ಕುತ್ತದೆ. ಕೈಮರ, ಗೋಪುರ, ಸೇತುವೆ, ಯಾವುದಾದರೂ ಸರಿ. ಎಲ್ಲಿ ನಿಂತು, ಯಾವ ದಿಕ್ಕಿಗೆ ನೋಡಿ, ಯಾವ ದಿನ, ಎಷ್ಟು ಗಂಟೆಗೆ ತೆಗೆದುದೆಂಬುದನ್ನು ಬರೆದಿಡಬೇಕು. ಮೊಬೈಲು ತಾನೇ ಬರೆದುಕೊಳ್ಳುವುದಲ್ಲಾ ಎಂದು ಕೇಳಬಹುದು. ನಿಜ; ಆದರೆ ಸಂದೇಶದ ಮೂಲಕ ಒಬ್ಬರಿಂದೊಬ್ಬರಿಗೆ ಸಾಗಿದ ಚಿತ್ರದಲ್ಲಿ ಆ ವಿವರಗಳು ಬಹುಮಟ್ಟಿಗೆ ಅಳಿದುಹೋಗಿರುತ್ತವೆ. ಆದುದರಿಂದ ಪ್ರವಾಸಕ್ಕೆ ಹತ್ತು ಚಿತ್ರಗಳನ್ನಾದರೂ ಆರಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ವಿವರವನ್ನು ಬರೆಯುವುದು ಮೇಲು. ಈ ಬರವಣಿಗೆಯ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರಿಗೆ ಭೂಗೋಳವೂ ಚರಿತ್ರೆಯೂ ತಾವಾಗಿಯೇ ಪರಿಚಿತವಾಗುತ್ತವೆ. ಸ್ಮಾರಕಗಳ ಮೇಲೆ ಹತ್ತುವುದೂ, ಅಲೆ ಬಡಿಯುವ ಪಾಚಿಗಟ್ಟಿದ ಬಂಡೆಗಳ ಮೇಲೆ ನಿಲ್ಲುವುದೂ ಚಿತ್ರದ ಸಲುವಾಗಿ ಎಂದಿಗೂ ಕೂಡದೆಂಬುದನ್ನು ಹೇಳಬೇಕಾದುದೇ ಇಲ್ಲ.

ತಾನು ಹಿಡಿದ ಶಿಖರವು ಉಳಿಯದೆಂದು ಗ್ರೀನ್‌ಲಾನು ತಿಳಿದಿರಲಾರನು. ಇದ್ದುದನ್ನು ಇದ್ದಂತೆ ಹಿಡಿದನು, ಅಷ್ಟೆ. ನಮ್ಮ ಕಣ್ಣಮುಂದಿರುವುದರಲ್ಲಿ ಯಾವುದು ಉಳಿಯುವುದು, ಯಾವುದು ಅಳಿಯುವುದು ಎಂಬುದು ನಮಗೂ ತಿಳಿಯದು. ಈ ಸಲ ಹೊರಡುವ ವಾಚಕರು ಮಕ್ಕಳ ನಗುಮುಖಗಳನ್ನು ಮನದಣಿಯೆ ಹಿಡಿಯಲಿ. ಅದರೊಡನೆ, ಅವರ ಬೆನ್ನಹಿಂದಿನ ಗೋಪುರವನ್ನೂ ದಂಡೆಯನ್ನೂ ಬೇರೆಯಾಗಿ ಒಮ್ಮೆ ಹಿಡಿದು, ತಾರೀಖನ್ನು ಬರೆದಿಡಲಿ. ಐದು ವರ್ಷಗಳ ತರುವಾಯ ಅದೇ ತಿಂಗಳಿನಲ್ಲಿ ಅಲ್ಲಿಯೇ ಮತ್ತೆ ನಿಲ್ಲುವಂತಾದರೆ ಮೊದಲ ಚಿತ್ರದ ಬೆಲೆಯು ತಾನಾಗಿಯೇ ತಿಳಿಯುವುದು.