ಕ್ಯಾಪ್ಟನ್ ಸಾಂಡರ್ಸ್ ಮತ್ತು ಬಾಕಿ ಉಳಿದ ಜಮೀನು

ಆಸ್ಟ್ರೇಲಿಯಾದ ಸೇನೆಯಲ್ಲಿ ಅಧಿಕಾರಿಯಾದ ಮೊದಲ ಮೂಲನಿವಾಸಿ ಎಂದು ಹೆಸರಾದ ರೆಜ್ ಸಾಂಡರ್ಸ್ ತೀರಿಕೊಂಡದ್ದು 1990ರ ಮಾರ್ಚ್‌ನಲ್ಲಿ. ಅಲ್ಲಿಂದೀಚೆಗೆ ಅವರನ್ನು ಗೌರವಿಸುವುದರಲ್ಲಿ ಆ ದೇಶ ಜಿಪುಣತನ ತೋರಿಲ್ಲ. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟವನ್ನಷ್ಟೇ ಓದಿ ಮುಚ್ಚಿದರೆ ಎಲ್ಲ ಸರಿಯಾಗಿಯೇ ಇದೆ. ಬಾಕಿಯ ಪುಟ ಓದಬೇಕಾದರೆ ರಣರಂಗವನ್ನು ಬಿಟ್ಟು ವಿಕ್ಟೋರಿಯಾ ರಾಜ್ಯದ ನೈಋತ್ಯ ಮೂಲೆಯ ಹೊಲಗದ್ದೆಗಳ ಕಡೆಗೆ ಬರಬೇಕು.

ಅದು ಗುಂಡಿಜ್‌ಮಾರ ಜನರ ನೆಲ. ಜ್ವಾಲಾಮುಖಿ ಉಗುಳಿದ ಕಲ್ಲುಗಳನ್ನು ಜೋಡಿಸಿ, ಕಾಲುವೆ ತೋಡಿ, ಹಾವುಮೀನುಗಳನ್ನು ಸಾಕಿ ಹಿಡಿಯುವ ವ್ಯವಸ್ಥೆಯನ್ನು ಅವರು ಸುಮಾರು 6,600 ವರ್ಷಗಳ ಹಿಂದೆಯೇ ಕಟ್ಟಿಕೊಂಡಿದ್ದರು. ಮೂಲನಿವಾಸಿಗಳು ಬರೀ ಅಲೆಮಾರಿಗಳು, ಅವರಿಗೆ ನೆಲದ ಹಂಗಿಲ್ಲ ಎಂದು ಬಿಳಿಯರು ಹೇಳಿಕೊಂಡು ಬಂದದ್ದು ಇಂಥ ನೆಲವನ್ನು ಕಣ್ಣಾರೆ ನೋಡುತ್ತಲೇ. 1834ರಲ್ಲಿ ಹೆಂಟಿ ಕುಟುಂಬ ಪೋರ್ಟ್‌ಲ್ಯಾಂಡಿನಲ್ಲಿ ಬಂದಿಳಿಯಿತು; ಅವರ ಹಿಂದೆಯೇ ಕುರಿಮಂದೆಗಳು ಬಂದವು. 1840ರ ದಶಕದ ಉದ್ದಕ್ಕೂ ಗುಂಡಿಜ್‌ಮಾರರು ಯುಮೆರಲ್ಲಾ ನದಿಯ ಸುತ್ತಲ ಕಲ್ಲುಬಂಡೆಗಳ ಮರೆಯಿಂದ ಕಾದಾಡಿದರು. ಬದುಕುಳಿದವರ ಪಾಲಿಗೆ ಸಿಕ್ಕಿದ್ದು ಫ್ರಾಮ್ಲಿಂಗ್‌ಹ್ಯಾಮ್‌ನ ಮೀಸಲು ಪ್ರದೇಶ ಮತ್ತು 1867ರಲ್ಲಿ ಶುರುವಾದ ಲೇಕ್ ಕೊಂಡಾ ಮಿಷನ್.

ಸಾಂಡರ್ಸ್ 1920ರಲ್ಲಿ ಹುಟ್ಟಿದ್ದು ಫ್ರಾಮ್ಲಿಂಗ್‌ಹ್ಯಾಮ್ ಬಳಿ. ತಾಯಿ ಬೇಗ ತೀರಿಹೋದದ್ದರಿಂದ ಲೇಕ್ ಕೊಂಡಾದಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದರು. ತಂದೆ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕ. ಬಂಧು ವಿಲಿಯಂ ರೆಜಿನಾಲ್ಡ್ ರಾಲಿಂಗ್ಸ್ ಅದೇ ಯುದ್ಧದಲ್ಲಿ ಮಿಲಿಟರಿ ಮೆಡಲ್ ಗಳಿಸಿ 1918ರಲ್ಲಿ ಫ್ರಾನ್ಸಿನಲ್ಲಿ ಮಡಿದಿದ್ದ. ಅವನ ಹೆಸರನ್ನೇ ಮಗುವಿಗೆ ಇಟ್ಟಿದ್ದರು. ಐರೋಪ್ಯ ಮೂಲದವರಲ್ಲದವರನ್ನು ಸೇನೆಯಿಂದ ದೂರ ಇಡುವ ನಿಯಮ ಪುಸ್ತಕದಲ್ಲಿದ್ದಾಗಲೇ ಆ ಮನೆತನ ಎರಡು ತಲೆಮಾರು ಸೈನಿಕರನ್ನು ಕೊಟ್ಟಿತು.

1940ರ ಏಪ್ರಿಲ್‌ನಲ್ಲಿ ಸೇರಿದ ಸಾಂಡರ್ಸ್ ಉತ್ತರ ಆಫ್ರಿಕ, ಗ್ರೀಸ್ ದಾಟಿ ಕ್ರೀಟ್ ದ್ವೀಪಕ್ಕೆ ಬಂದರು. 1941ರ ಮೇ ಕೊನೆಗೆ ದ್ವೀಪ ಜರ್ಮನ್ನರ ಕೈಸೇರಿತು. ಹಡಗು ಸಿಗದೆ ಉಳಿದವರಲ್ಲಿ ಇವರೂ ಒಬ್ಬರು. ಸುಮಾರು ಒಂದು ವರ್ಷ ಹಳ್ಳಿಗರು ಅವರನ್ನು ಬಚ್ಚಿಟ್ಟು ಉಣಬಡಿಸಿದರು. ಸಿಕ್ಕಿಬಿದ್ದರೆ ಗುಂಡೇಟು ಎಂಬುದು ಆ ಬಡವರಿಗೆ ಚೆನ್ನಾಗಿ ಗೊತ್ತಿತ್ತು. ಪರರು ಬಂದು ನೆಲ ಹಿಡಿದಾಗ ಹೇಗಿರುತ್ತದೆ ಎಂಬುದನ್ನು ಆ ಅತಿಥಿಗೆ ಯಾರೂ ವಿವರಿಸಬೇಕಿರಲಿಲ್ಲ. ಊರಿಗೆ ಮರಳಿದ ವರ್ಷವೇ, 1942ರ ನವೆಂಬರ್‌ನಲ್ಲಿ, ತಮ್ಮ ಹ್ಯಾರಿ ಪಾಪುವಾದ ಗೋನಾದಲ್ಲಿ ಮಡಿದ. ಅಣ್ಣ ನ್ಯೂಗಿನಿಯ ಕಾಡುಗಳಿಗೆ ಹೊರಟರು. ಅಲ್ಲಿನ ನಾಯಕತ್ವ ನೋಡಿ ಮೇಲಧಿಕಾರಿಗಳು ಶಿಫಾರಸು ಮಾಡಿದರು. 1944ರ ನವೆಂಬರ್‌ನಲ್ಲಿ ಅವರು ಲೆಫ್ಟಿನೆಂಟ್ ಆದರು.

ಇಲ್ಲಿಗೆ ನಿಂತರೆ ಕಥೆ ತುಂಬಾ ಚೆಂದ: ಸೇನೆಗೆ ಬಣ್ಣ ಕಾಣಲಿಲ್ಲ, ಸಾಮರ್ಥ್ಯ ಕಂಡಿತು. ಸಾಂಡರ್ಸ್ ಅನುಭವದ ಮಟ್ಟಿಗೆ ಇದರಲ್ಲಿ ನಿಜವಿದೆ, ಬಿಳಿಯ ಸೈನಿಕರು ಅವರ ಮಾತು ಕೇಳಿದ್ದೂ ನಿಜ. ಆದರೆ ಅದೇ ಹೊತ್ತಿನಲ್ಲಿ ಉತ್ತರದ ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ಪಡೆಗೆ ಬಿಳಿಯರ ಸಂಬಳದ ಮೂರನೇ ಒಂದು ಪಾಲು ಕೊಡಲಾಗುತ್ತಿತ್ತು. 1943ರ ಕೊನೆಯಲ್ಲಿ ಅವರು ಮುಷ್ಕರ ಹೂಡಿದ ಮೇಲೆ ಅದು ಮೂರನೇ ಎರಡು ಪಾಲಾಯಿತು, ಪೂರ್ತಿ ಆಗಲಿಲ್ಲ. ಯುದ್ಧ ಮುಗಿದು ಜಪಾನಿಗೆ ಪಹರೆಯ ಪಡೆ ಹೊರಟಾಗ ಸಾಂಡರ್ಸ್ ಹೋಗಲು ಸಿದ್ಧರಿದ್ದರು. ಆ ಪಡೆಯಲ್ಲಿ ಮೂಲನಿವಾಸಿಗಳಿಗೆ ಜಾಗವಿಲ್ಲ ಎಂದಿತು ಸರ್ಕಾರ. ಗುಂಡು ಹಾರುವಾಗ ಕೊಟ್ಟ ಸಮಾನತೆ ಗುಂಡು ನಿಂತ ಕೂಡಲೇ ಹಿಂದಕ್ಕೆ ಹೋಯಿತು. ಲೆಫ್ಟಿನೆಂಟ್ ಸಾಂಡರ್ಸ್ ಸೇನೆಯ ಹೊರಗೆ ಸಣ್ಣಪುಟ್ಟ ಕೆಲಸಗಳಿಗೆ ಮರಳಿದರು.

ಕೊರಿಯಾ ಯುದ್ಧ ಅವರನ್ನು ಮತ್ತೆ ಕರೆಯಿತು. 1951ರ ಏಪ್ರಿಲ್ 23-24ರ ಕಾಪ್ಯೊಂಗ್ ಕದನದಲ್ಲಿ ಕ್ಯಾಪ್ಟನ್ ಆಗಿ ಒಂದು ಕಂಪನಿಯನ್ನು ಮುನ್ನಡೆಸಿದರು. (ಅವರ ಕಂಪನಿ ಸೇರಿದ್ದ ಬ್ರಿಗೇಡಿನ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದುದು ಭಾರತದ 60ನೇ ಫೀಲ್ಡ್ ಆಂಬುಲೆನ್ಸ್ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಮರೆತೇ ಹೋಗಿದೆ.) ಅವರ ಬೆಟಾಲಿಯನ್‌ಗೆ ಅಮೆರಿಕದ ಅಧ್ಯಕ್ಷರ ಪ್ರಶಂಸೆ ಸಿಕ್ಕಿತು. 1954ರಲ್ಲಿ ಸೇನೆ ಬಿಟ್ಟರು. ಆಮೇಲೆ ಮರ ಕಡಿಯುವ ಕೆಲಸ, ಕಾರ್ಖಾನೆಯ ಕೆಲಸ.

ಜಮೀನಿನ ಮಾತಿಗೆ ಬರೋಣ. ಎರಡನೇ ಮಹಾಯುದ್ಧದ ನಂತರ ಮರಳಿದ ಸೈನಿಕರಿಗೆ ಹೊಲ ಹಂಚುವ ಯೋಜನೆ ಜಾರಿಗೆ ಬಂತು. ಲೇಕ್ ಕೊಂಡಾ ಮಿಷನ್ನಿನ ಜಮೀನನ್ನು ತುಂಡು ಮಾಡಿ ಹಂಚಿದ್ದು ಬಿಳಿಯ ಸೈನಿಕರಿಗೆ. ಅದೇ ಮಿಷನ್ನಿನ ಲೊವೆಟ್ ಮನೆಯ ಐವರು ಅಣ್ಣತಮ್ಮಂದಿರು ಮೊದಲ ಮಹಾಯುದ್ಧಕ್ಕೆ ಹೋಗಿ ಐವರೂ ಜೀವಂತ ಮರಳಿದ್ದರು. ಅವರಲ್ಲಿ ನಾಲ್ವರು ಎರಡನೆಯದಕ್ಕೂ ಹೋದರು. ಎರಡೂ ಯುದ್ಧ ಕಂಡ ಹರ್ಬರ್ಟ್ ಲೊವೆಟ್ ಹೊಲಕ್ಕೆ ಅರ್ಜಿ ಹಾಕಿದರೆ ತಿರಸ್ಕಾರವಾಯಿತು. 1840ರ ದಶಕದಲ್ಲಿ ಕೋವಿ ಮಾಡಿದ ಕೆಲಸವನ್ನು ಈ ಬಾರಿ ಕಡತ ಮಾಡಿತು ಎಂದರೆ ಅತಿಶಯವಾಗದು. ಮುಂದೆ 2000ದಲ್ಲಿ ಕ್ಯಾನ್‌ಬೆರಾದ ನಿವೃತ್ತ ಸೈನಿಕರ ಇಲಾಖೆಯ ಕಟ್ಟಡಕ್ಕೆ ಲೊವೆಟ್ ಗೋಪುರ ಎಂದು ಹೆಸರಿಟ್ಟರು. ಕಟ್ಟಡಕ್ಕೆ ಹೆಸರಿಡುವುದಕ್ಕೆ ಹೊಲ ಬಿಟ್ಟುಕೊಡಬೇಕಾಗಿಲ್ಲವಲ್ಲ!

ಹಾಗೆಂದು ಏನೂ ಬದಲಾಗಿಲ್ಲ ಎನ್ನುವುದು ತಪ್ಪಾಗುತ್ತದೆ. 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಜನ ಮೂಲನಿವಾಸಿಗಳನ್ನು ಜನಗಣತಿಗೆ ಸೇರಿಸಲು ಒಪ್ಪಿದರು. 1969ರಲ್ಲಿ ಸಾಂಡರ್ಸ್ ಮೂಲನಿವಾಸಿ ವ್ಯವಹಾರಗಳ ಕಚೇರಿಯ ಸಂಪರ್ಕಾಧಿಕಾರಿಯಾದರು. 1987ರಲ್ಲಿ, ಅವರು ಬದುಕಿದ್ದಾಗಲೇ, ಸಂಸತ್ತು ಕಾಯ್ದೆ ಮಾಡಿ ಲೇಕ್ ಕೊಂಡಾ ಮಿಷನ್ನಿನ ಜಾಗವನ್ನು ಸಮುದಾಯಕ್ಕೆ ಮರಳಿಸಿತು. 2007ರಲ್ಲಿ ನ್ಯಾಯಾಲಯ ಗುಂಡಿಜ್‌ಮಾರರ ಹಕ್ಕನ್ನು ಮಾನ್ಯ ಮಾಡಿತು. 2019ರಲ್ಲಿ ಅವರ ಹಾವುಮೀನಿನ ಕಾಲುವೆಗಳ ಬಡ್ಜ್ ಬಿಮ್ ಪ್ರದೇಶ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನೆಲದ ಈ ಹಕ್ಕುಗಳೆಲ್ಲ ಗುಂಡಿಜ್‌ಮಾರರು ದಶಕಗಟ್ಟಲೆ ಕೋರ್ಟು ಕಚೇರಿ ಅಲೆದು ಗಳಿಸಿಕೊಂಡವು. ಕ್ಯಾಪ್ಟನ್‌ನ ಪದಕಗಳನ್ನು ನೋಡಿ ಯಾರೂ ಕೊಟ್ಟದ್ದಲ್ಲ. ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಒಂದು ಮಂಡಳಿಯನ್ನು ಸಂವಿಧಾನದಲ್ಲಿ ಸೇರಿಸಿ ಎಂದು 2023ರಲ್ಲಿ ಕೇಳಿದಾಗ ಶೇ 60ರಷ್ಟು ಮತದಾರರು ಬೇಡವೆಂದರು. ಅಧಿಕಾರದ ಸಣ್ಣ ಪಾಲು ಕೇಳಿದ ಕೂಡಲೇ ದೇಶ ಹಿಂದೆ ಸರಿಯಿತು.

ಯುದ್ಧ ಸ್ಮಾರಕವೂ ಈ ಅಳತೆಗೆ ಹೊರತಲ್ಲ. ಬಿಳಿಯರು ಮತ್ತು ಮೂಲನಿವಾಸಿಗಳ ನಡುವಣ ಗಡಿ ಕದನಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದು ದಶಕಗಳ ಕಾಲ ವಾದಿಸಿತು. ಸಾಂಡರ್ಸ್ ಕಾದಿದ ಕ್ರೀಟ್, ಕೊರಿಯಾ ಆಸ್ಟ್ರೇಲಿಯಾದ ಯುದ್ಧಗಳು. ಅವರ ಹಿರಿಯರು ಆಸ್ಟ್ರೇಲಿಯಾದಲ್ಲೇ ಕಾದಿದ್ದು ಮಾತ್ರ ಅಲ್ಲ! 2022ರಲ್ಲಿ ಸ್ಮಾರಕದ ಮುಖ್ಯಸ್ಥರು ಆ ಕದನಗಳಿಗೂ ಇನ್ನಷ್ಟು ಜಾಗ ಕೊಡುವುದಾಗಿ ಹೇಳಿದರು. ಹೇಳಿದ ಕೂಡಲೇ ವಿರೋಧವೂ ಎದ್ದಿತು. ಕ್ಯಾಪ್ಟನ್‌ಗೆ ಗ್ಯಾಲರಿ ಕೊಟ್ಟಾಗ ಯಾರೂ ಹಾಗೆ ಜಗಳ ತೆಗೆದಿರಲಿಲ್ಲ.