ಚೌಕಟ್ಟಿನೊಳಗಿನ ಕೀರ್ತಿ

ಯಶಸ್ಸನ್ನು ಜೈನ ಕರ್ಮಸಿದ್ಧಾಂತವು ಆತ್ಮಗುಣವೆಂದು ಎಣಿಸಿಲ್ಲ. ನಾಮಕರ್ಮದ ಅನೇಕ ಪ್ರಕೃತಿಗಳಲ್ಲಿ ಯಶಸ್ಕೀರ್ತಿಯೂ ಒಂದು. ಅಯಶಸ್ಕೀರ್ತಿ ಅದರ ಮಗ್ಗುಲಲ್ಲಿಯೇ ಇದೆ. ಎರಡೂ ಉದಯಕ್ಕೆ ಬಂದು, ಫಲವಿತ್ತು, ಉದುರಿಹೋಗುವಂಥವು. ಹೀಗೆ ಉದುರುವುದನ್ನು ಶಾಶ್ವತವಾಗಿ ಹಿಡಿದಿಡುವೆನೆಂದು ಹೊರಟಿರುವುದು ಇಂದಿನ ಚಿತ್ರತಾರೆಯರ ಭಾವಚಿತ್ರಗಳ ವ್ಯಾಪಾರ.

ಛಾಯಾಚಿತ್ರ ಕಲೆಯಲ್ಲಿ ದೋಷವಿಲ್ಲ. ಆದರೆ ಬೆಳಕಿನ ಕೋನ, ಪ್ರಸಾಧನ, ಮುದ್ರಣಕ್ಕೆ ಮುನ್ನಿನ ತಿದ್ದುಪಡಿ ಇವೆಲ್ಲ ಕೂಡಿ ಮುಖವನ್ನು ನಡತೆಯಿಂದ ಬೇರ್ಪಡಿಸುತ್ತವೆ. ಬೇರ್ಪಟ್ಟ ಆ ಮುಖವನ್ನೇ ಮನುಷ್ಯನೆಂದು ನಂಬುವುದು ನೋಡುವವನ ಮಿಥ್ಯಾದೃಷ್ಟಿ.

ಬಳ್ಳಾರಿಯ ಜನತೆಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ಆರೋಪಿಯಾಗಿ 2024ರ ಜೂನ್ ತಿಂಗಳಲ್ಲಿ ಬಂಧಿತರಾದ ನಟ ದರ್ಶನ್, ಬೆಂಗಳೂರಿನ ಪರಪ್ಪನ ಅಗ್ರಹಾರ ಕಾರಾಗೃಹದಲ್ಲಿ ಸಿಗರೇಟು ಹಿಡಿದು ವಿರಾಮವಾಗಿ ಕುಳಿತಿದ್ದ ಛಾಯಾಚಿತ್ರ ಅದೇ ಆಗಸ್ಟ್‌ನಲ್ಲಿ ಹೊರಬಿತ್ತು. ಕಾರಾಗೃಹದ ಹಲವು ಅಧಿಕಾರಿಗಳು ಅಮಾನತಾದರು. ನಟರನ್ನು ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ಆರೋಪದ ಸತ್ಯಾಸತ್ಯ ನಿರ್ಣಯ ನ್ಯಾಯಾಲಯದ್ದು. ಆದರೆ ಅಭಿಮಾನಿಗಳ ನಡತೆಗೆ ಬೇರೆ ಸಾಕ್ಷಿ ಬೇಕೆ? ಅವರು ಸೆರೆಮನೆಯ ಮುಂದೆ ನೆರೆದರು. ಬೆಂಗಳೂರಿನ ಸೆರೆಮನೆಯಲ್ಲಿ ನಟರಿಗಿತ್ತ ಕೈದಿ ಸಂಖ್ಯೆ 6106 ವಾಹನಗಳ ಮೇಲೆ ಅಲಂಕಾರವಾಯಿತು. ಹಸುಗೂಸಿಗೆ ಕೈದಿಯ ಉಡುಗೆ ತೊಡಿಸಿ, ಅದೇ ಸಂಖ್ಯೆಯೊಡನೆ ಚಿತ್ರ ತೆಗೆಸಿದವರೂ ಇದ್ದರು. ಸತ್ತ ಯುವಕನ ಮುಖ ಎಷ್ಟು ಜನರ ನೆನಪಿನಲ್ಲಿದೆ? ಕೀರ್ತಿ ಬರಿದು ಎಂಬುದರ ಅರ್ಥ ಇದೇ. ಒಳಗೆ ಏನನ್ನು ತುಂಬಿದರೂ ಅದು ಬೇಡವೆನ್ನದು. ಸನ್ಮಾನದ ಚಿತ್ರವನ್ನೂ ಸೆರೆಯ ಚಿತ್ರವನ್ನೂ ಒಂದೇ ಚೌಕಟ್ಟಿನಲ್ಲಿ ತೂಗುಹಾಕುತ್ತದೆ.

ಇದು ನಿರುಪದ್ರವಿ ವಿನೋದವೆಂದು ವಾದಿಸುವವರುಂಟು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ನಟ ಯಶ್ ಅವರ ಜನ್ಮದಿನಕ್ಕೆಂದು ಕಟೌಟ್ ನಿಲ್ಲಿಸುತ್ತಿದ್ದಾಗ ವಿದ್ಯುತ್ ತಗುಲಿ ಮೂವರು ಯುವಕರು ಮೃತರಾದರು. ಸ್ವತಃ ನಟರೇ ಗ್ರಾಮಕ್ಕೆ ಬಂದು, ಇಂಥ ಅಭಿಮಾನ ಬೇಡವೆಂದು ಕೇಳಿಕೊಂಡರು. ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಿಲ್ಲ.

ಜೈನರೂ ಬಿಂಬಾರಾಧಕರಲ್ಲವೇ ಎಂಬ ಆಕ್ಷೇಪ ಬರಬಹುದು. ಜಿನಬಿಂಬವು ಭಾವಚಿತ್ರವಲ್ಲ. ಶಾಂತಿನಾಥ, ಮಹಾವೀರರ ಬಿಂಬಗಳಲ್ಲಿ ಮುಖಭೇದವಿಲ್ಲ. ಪೀಠದ ಜಿಂಕೆ, ಸಿಂಹ ಲಾಂಛನಗಳಿಂದಲೇ ಗುರುತು. ಅಲ್ಲಿ ಪೂಜೆಗೊಳ್ಳುವುದು ವ್ಯಕ್ತಿಯ ರೂಪವಲ್ಲ, ವೀತರಾಗತೆ.

ಷಟ್ಖಂಡವನ್ನು ಗೆದ್ದ ಭರತ ಚಕ್ರವರ್ತಿ ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೇ ತುಂಬಿತ್ತು. ಒಂದನ್ನು ಅಳಿಸಿಯೇ ತನ್ನದನ್ನು ಬರೆಸಬೇಕಾಯಿತು. ಬಳ್ಳಾರಿಯ ವೃತ್ತಗಳಲ್ಲಿ, ಸಿರುಗುಪ್ಪ, ಕುರುಗೋಡುಗಳ ಪೇಟೆಬೀದಿಗಳಲ್ಲಿ ಕಾಣುವುದೂ ಇದೇ: ನಿನ್ನೆಯ ಫ್ಲೆಕ್ಸ್ ಮೇಲೆ ಇಂದಿನದು. ಕುರುಗೋಡನ್ನಾಳಿದ ಸಿಂದ ಅರಸರ ಮುಖ ಯಾರಿಗೂ ತಿಳಿಯದು. ಶಾಸನಗಳಲ್ಲಿ ಉಳಿದದ್ದು ದಾನದತ್ತಿಯ ಮಾತು.

ಬಸದಿಗಳ ಟ್ರಸ್ಟುಗಳು ಈ ವ್ಯಾಮೋಹಕ್ಕೆ ಹೊರತೆ? ಪಂಚಕಲ್ಯಾಣದ ಫಲಕದಲ್ಲಿ ಜಿನಬಿಂಬಕ್ಕಿಂತ ದಾನಿಯ ಭಾವಚಿತ್ರ ದೊಡ್ಡದಾದರೆ, ಅದು ಅಷ್ಟಮದಗಳಲ್ಲಿ ಒಂದಾದ ಪೂಜಾಮದವೇ ಹೊರತು ಪ್ರಭಾವನೆಯಲ್ಲ. ದಾನದ ಲೆಕ್ಕ ಜಮಾಖರ್ಚಿನ ಪುಸ್ತಕದಲ್ಲಿರಲಿ. ದಾನಿಯ ಮುಖ ಫಲಕದಲ್ಲಿ ಬೇಡ. ತಾರೆಯ ಕಟೌಟಿಗೆ ಹಾಲೆರೆಯುವ ಮಗನನ್ನು ತಿದ್ದುವ ಅಧಿಕಾರ, ತನ್ನ ಚಿತ್ರವನ್ನು ಬಸದಿಯ ಬಾಗಿಲಿನಿಂದ ಇಳಿಸಿದ ತಂದೆಗೆ ಮಾತ್ರ ಉಂಟು.